ಮಕ್ಕಳಿಗೆ ಪ್ರವೇಶವಿಲ್ಲದ ಹಡಗು: ವಯಸ್ಕರ ಕ್ರೂಸ್ ಆರಿಸಿಕೊಳ್ಳುವವರಿಗೆ

'ವಯಸ್ಕರಿಗೆ ಮಾತ್ರ' ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ತಲೆಮಾರಿನವರಿಗೆ ನೆನಪಾಗುವುದು ಸಿನಿಮಾ ಪೋಸ್ಟರಿನ ಮೂಲೆಯಲ್ಲಿರುತ್ತಿದ್ದ 'ಎ' ಅಕ್ಷರ. ಇಂಗ್ಲೆಂಡಿನಲ್ಲಿರುವ ಮಗಳು, ಸೌತಾಂಪ್ಟನ್ ಬಂದರಿನಿಂದ ಹೊರಟು ನಾರ್ವೆಯನ್ನು ಸುತ್ತಿ ಬರುವ ಅಂಥದೊಂದು ಹಡಗಿನ ವಿಷಯವನ್ನು ಫೋನಿನಲ್ಲಿ ಪ್ರಸ್ತಾಪಿಸಿದಾಗ, ನನ್ನ ಪತ್ನಿ ಅರ್ಧಕ್ಕೇ ತಡೆದು, "ಅಂಥ ಕಡೆಗೆಲ್ಲ ನಾವ್ಯಾಕಮ್ಮ?" ಎಂದು ಕೇಳಿದ್ದಳು. ಆದರೆ ಕ್ರೂಸ್ ಹಡಗುಗಳ ಮಟ್ಟಿಗೆ ಈ ಮಾತಿಗೆ ಇರುವ ಅರ್ಥ ಒಂದೇ: ಹದಿನೆಂಟು ವರ್ಷ ತುಂಬದವರನ್ನು ಹಡಗಿಗೆ ಹತ್ತಿಸುವುದಿಲ್ಲ. ಅದರಾಚೆಗೆ ಆ ಹಡಗು ಗ್ರಂಥಾಲಯದಂತೆ ಶಾಂತವಾಗಿರುತ್ತದೆಯೋ, ಮಧ್ಯರಾತ್ರಿ ದಾಟಿದರೂ ಕುಣಿತ ನಿಲ್ಲದ ಜಾಗವಾಗಿರುತ್ತದೆಯೋ ಎಂಬುದನ್ನು ಈ ಹಣೆಪಟ್ಟಿ ಹೇಳುವುದಿಲ್ಲ. ಆಯ್ಕೆಯಲ್ಲಿ ಎಡವುವವರು ಬಹುಮಟ್ಟಿಗೆ ಎಡವುವುದು ಇಲ್ಲಿಯೇ. ಆದ್ದರಿಂದ ಮೊದಲು ಕಂಪನಿಯ ಸ್ವಭಾವವನ್ನು ತಿಳಿದುಕೊಳ್ಳಬೇಕು. ದರ, ದಿನಾಂಕಗಳ ವಿಚಾರ ಆಮೇಲಿನದು.

ವರ್ಜಿನ್ ವಾಯೇಜಸ್ ಕಂಪನಿಯ ಹಡಗುಗಳಲ್ಲಿ ಪ್ರಯಾಣಿಸಲು ಹದಿನೆಂಟು ದಾಟಿರಬೇಕು. 2021ರಲ್ಲಿ ಓಡಾಟ ಆರಂಭಿಸಿದ ಸ್ಕಾರ್ಲೆಟ್ ಲೇಡಿ ಇವುಗಳಲ್ಲಿ ಮೊದಲನೆಯದು. ಅಲ್ಲಿ ದೊಡ್ಡ ಬಫೆಯ ಬದಲು ಬೇರೆ ಬೇರೆ ಬಗೆಯ ಊಟದ ಮನೆಗಳಿವೆ, ಹಡಗಿನಲ್ಲೇ ಹಚ್ಚೆ ಹಾಕುವ ಅಂಗಡಿಯೂ ಇದೆ, ಮತ್ತು ಒಂದು ರಾತ್ರಿ ಎಲ್ಲರೂ ಕೆಂಪು ಬಟ್ಟೆ ತೊಟ್ಟು ಈಜುಕೊಳದ ಸುತ್ತ ಸೇರುವ ಪದ್ಧತಿಯಿದೆ. ಮೂವತ್ತು, ನಲವತ್ತರ ವಯಸ್ಸಿನ ದಂಪತಿಗಳಿಗೆ, ಗೆಳೆಯರ ಗುಂಪಿಗೆ ಇದು ಹೇಳಿ ಮಾಡಿಸಿದಂತಿದೆ; ರಾತ್ರಿ ಒಂಬತ್ತೂವರೆಗೆ ನಿದ್ದೆ ಬಯಸುವವರಿಗೆ ಹಿಡಿಸುವುದು ಕಷ್ಟ. ವೈಕಿಂಗ್ ಕಂಪನಿಯಲ್ಲೂ ವಯಸ್ಸಿನ ನಿಯಮ ಅದೇ ಹದಿನೆಂಟು, ಆದರೆ ಲೋಕವೇ ಬೇರೆ: ಸಾವಿರಕ್ಕೂ ಕಡಿಮೆ ಪ್ರಯಾಣಿಕರ ಸಮುದ್ರದ ಹಡಗುಗಳು, ಕ್ಯಾಸಿನೋ ಇಲ್ಲ, ಸಂಜೆಗೆ ಇತಿಹಾಸದ ಉಪನ್ಯಾಸ ಮತ್ತು ಶಾಸ್ತ್ರೀಯ ಸಂಗೀತ, ಪ್ರತಿ ಬಂದರಿನಲ್ಲಿ ಒಂದು ಪ್ರವಾಸ ದರದಲ್ಲೇ ಸೇರಿರುತ್ತದೆ. ಬ್ರಿಟನ್ನಿನ ಪಿ ಅಂಡ್ ಓ ಕಂಪನಿಯು ತನ್ನ ಹಡಗುಗಳ ಪೈಕಿ ಆರ್ಕೇಡಿಯಾ ಮತ್ತು ಅರೋರಾ ಎಂಬ ಎರಡನ್ನು ವಯಸ್ಕರಿಗೆಂದು ಮೀಸಲಿಟ್ಟಿದೆ. ಸಾಗಾ ಕಂಪನಿಯದು ಇನ್ನೂ ಬಿಗಿಯಾದ ನಿಯಮ: ಪ್ರಯಾಣಿಕರಿಗೆ ಐವತ್ತು ತುಂಬಿರಬೇಕು, ಜೊತೆಗೆ ಬರುವವರಿಗೆ ಕನಿಷ್ಠ ನಲವತ್ತು. ಅದರ ಎರಡೂ ಹಡಗುಗಳಲ್ಲಿ ಒಂಟಿಯಾಗಿ ಬರುವವರಿಗೆಂದೇ ಕಟ್ಟಿದ ಕ್ಯಾಬಿನ್ನುಗಳಿವೆ. ಸಂಗಾತಿಯನ್ನು ಕಳೆದುಕೊಂಡು ಒಬ್ಬರೇ ಹೊರಡುವ ಹಿರಿಯರಿಗೆ ಇದು ದೊಡ್ಡ ಅನುಕೂಲ, ಏಕೆಂದರೆ ಇತರ ಹಲವು ಹಡಗುಗಳಲ್ಲಿ ಇಬ್ಬರ ಕ್ಯಾಬಿನ್ನಿನಲ್ಲಿ ಒಬ್ಬರೇ ಇದ್ದರೆ ಹೆಚ್ಚುಕಡಿಮೆ ಇಬ್ಬರ ದರವನ್ನೇ ತೆರಬೇಕಾಗುತ್ತದೆ.

ವಯಸ್ಸಿನ ನಿಯಮವನ್ನು ಯಾರೂ ಸಡಿಲಿಸುವುದಿಲ್ಲವೆಂದೇ ತಿಳಿಯಿರಿ. ಕಾಲೇಜಿಗೆ ಹೋಗುವ ಹದಿನೇಳರ ಮಗಳನ್ನು ಕರೆದೊಯ್ಯಲು ಆಗುವುದಿಲ್ಲ. ಅಂಥ ಕುಟುಂಬಗಳಿಗೆ ಬೇರೊಂದು ದಾರಿಯಿದೆ. ಪ್ರಿನ್ಸೆಸ್ ಹಡಗುಗಳ ಸ್ಯಾಂಕ್ಚುರಿ, ಕಾರ್ನಿವಲ್ ಹಡಗುಗಳ ಸೆರೆನಿಟಿ ಎಂಬ ಡೆಕ್ ಮುಂತಾಗಿ ಸಾಮಾನ್ಯ ಹಡಗುಗಳಲ್ಲೂ ದೊಡ್ಡವರಿಗೆ ಮಾತ್ರ ಮೀಸಲಾದ ಜಾಗಗಳಿರುತ್ತವೆ. ಮುಂಬೈ, ಕೊಚ್ಚಿ, ಚೆನ್ನೈಗಳಿಂದ ಹೊರಡುವ ಕಾರ್ಡೇಲಿಯಾ ಹಡಗು ಕುಟುಂಬಗಳಿಗೆಂದೇ ಇರುವುದರಿಂದ, ಪೂರ್ತಿ ವಯಸ್ಕರ ಹಡಗನ್ನು ಬಯಸುವವರು ಹೊರದೇಶದ ಬಂದರಿಗೇ ಹೋಗಬೇಕು. ಹಾಗಾಗಿ ಮುಂದಿನ ಮಾತು ವೀಸಾದ್ದು.

ಸೌತಾಂಪ್ಟನ್‌ನಿಂದ ಹೊರಡುವ ಭಾರತೀಯ ಪಾಸ್‌ಪೋರ್ಟಿನವರಿಗೆ ಬ್ರಿಟನ್ನಿನ ವೀಸಾ ಒಂದೇ ಸಾಲದು. ನಾರ್ವೆ ಯೂರೋಪಿಯನ್ ಒಕ್ಕೂಟದಲ್ಲಿ ಇಲ್ಲದಿದ್ದರೂ, ಒಂದೇ ವೀಸಾದಲ್ಲಿ ಯೂರೋಪಿನ ಹಲವು ದೇಶಗಳನ್ನು ಸುತ್ತಲು ಬಿಡುವ ಷೆಂಗೆನ್ ವ್ಯವಸ್ಥೆಯಲ್ಲಿ ಇದೆ. ಆದ್ದರಿಂದ ಷೆಂಗೆನ್ ವೀಸಾ ಬೇಕು, ಅದೂ ಹಲವು ಬಾರಿ ಪ್ರವೇಶಕ್ಕೆ ಅವಕಾಶವಿರುವಂಥದ್ದು. ಹಡಗು ನಡುವೆ ಬ್ರಿಟನ್ನಿನ ಬಂದರೊಂದಕ್ಕೆ ಬಂದು ಮತ್ತೆ ಯೂರೋಪಿಗೆ ಹೋದರೆ, ಒಂದೇ ಪ್ರವೇಶದ ವೀಸಾ ಅಲ್ಲಿಗೆ ಮುಗಿದುಹೋಗುತ್ತದೆ. ಮಕ್ಕಳನ್ನು ನೋಡಲು ಸಂದರ್ಶಕ ವೀಸಾದಲ್ಲಿ ಬರುವ ತಂದೆತಾಯಂದಿರು ಇನ್ನೊಂದು ಸಂಗತಿಯನ್ನು ಗಮನಿಸಬೇಕು: ಷೆಂಗೆನ್ ವೀಸಾಕ್ಕೆ ತಾವು ವಾಸವಾಗಿರುವ ದೇಶದಲ್ಲೇ ಅರ್ಜಿ ಹಾಕುವುದು ಕ್ರಮ. ಲಂಡನ್ನಿಗೆ ಇಳಿದ ಮೇಲೆ ನೋಡೋಣವೆಂದುಕೊಂಡವರು ಅಲ್ಲಿ ಅರ್ಜಿ ಸಲ್ಲಿಸಲಾಗದೆ ಕೂಡಬೇಕಾದೀತು. ನಮ್ಮ ಮಗಳು ಈ ವಿಷಯವನ್ನು ಮೊದಲೇ ವಿಚಾರಿಸಿ ಹೇಳಿದ್ದರಿಂದ, ಊರು ಬಿಡುವ ಮೊದಲೇ ಎರಡೂ ವೀಸಾಗಳು ನಮ್ಮ ಕೈಯಲ್ಲಿದ್ದವು. ಷೆಂಗೆನ್ ಅರ್ಜಿಗೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ, ಆದರೆ ಅದಷ್ಟಕ್ಕೇ ತೃಪ್ತರಾಗಬೇಡಿ. ಕ್ರೂಸ್ ಪ್ರಯಾಣಕ್ಕೆ ಅನ್ವಯಿಸುತ್ತದೆಯೇ, ನಡುಗಡಲಿನಿಂದ ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಸಾಗಿಸುವ ವೆಚ್ಚ ಸೇರಿದೆಯೇ, ರಕ್ತದೊತ್ತಡ, ಮಧುಮೇಹದಂಥ ಮೊದಲೇ ಇರುವ ಕಾಯಿಲೆಗಳನ್ನು ಒಪ್ಪಿಕೊಂಡಿದ್ದಾರೆಯೇ ಎಂಬುದನ್ನು ಪಾಲಿಸಿಯಲ್ಲಿ ಓದಿಯೇ ಸಹಿ ಮಾಡಿ. ಬ್ರಿಟಿಷ್ ಕಂಪನಿಗಳು ದರದ ಜೊತೆಗೆ ಕೊಡುವ ವಿಮೆ ಆ ದೇಶದ ನಿವಾಸಿಗಳನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಭಾರತದಿಂದ ಬರುವವರು ತಮ್ಮ ವಿಮೆಯನ್ನು ತಾವೇ ಮಾಡಿಸಿಕೊಳ್ಳುವುದು ಕ್ಷೇಮ.

ಕ್ಯಾಬಿನ್ ಆರಿಸುವಾಗ ತಲೆಸುತ್ತಿನ ಭಯವಿರುವವರು ಹಡಗಿನ ನಡುಭಾಗದ, ಕೆಳಗಿನ ಅಂತಸ್ತಿನ ಕೋಣೆಯನ್ನು ಕೇಳಿ ಪಡೆಯಬೇಕು. ತೊಟ್ಟಿಲಿನ ತುದಿಗಳು ತೂಗಿದಷ್ಟು ನಡು ತೂಗುವುದಿಲ್ಲ. ನೃತ್ಯಶಾಲೆ ಅಥವಾ ಅಡುಗೆಮನೆಯ ನೇರ ಮೇಲಕ್ಕೆ, ಕೆಳಕ್ಕೆ ಬರುವ ಕೋಣೆಗಳು ಬೇಡ. ಬಾಲ್ಕನಿಗೆ ಹೆಚ್ಚು ಹಣ ಕೊಡಬೇಕೇ ಎಂದು ಅನೇಕರು ಕೇಳುತ್ತಾರೆ. ಕೆರಿಬಿಯನ್ ಯಾನದಲ್ಲಿ ಜನ ಹಗಲೆಲ್ಲ ಈಜುಕೊಳದ ಬಳಿಯೇ ಇರುವುದರಿಂದ ಅದು ಅನಿವಾರ್ಯವಲ್ಲ. ನಾರ್ವೆಯಲ್ಲಿ ಬೆಟ್ಟಗಳ ನಡುವೆ ಕಡಲು ಒಳನುಗ್ಗಿದ ಕಣಿವೆಗಳಿಗೆ (ಫ್ಯೋರ್ಡ್) ಹೋಗುವವರು ಮಾತ್ರ ಬೇರೆ ಖರ್ಚು ಕಡಿಮೆ ಮಾಡಿಯಾದರೂ ಬಾಲ್ಕನಿ ತೆಗೆದುಕೊಳ್ಳಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ದರದಲ್ಲಿ ಏನೇನು ಸೇರಿದೆ ಎಂಬುದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಟಿಪ್ಸ್, ಇಂಟರ್ನೆಟ್, ಮದ್ಯ, ವಿಶೇಷ ರೆಸ್ಟೊರೆಂಟುಗಳು, ಬಂದರಿನ ಪ್ರವಾಸಗಳು ಎಂಬ ಈ ಐದನ್ನು ಕಾಗದದ ಮೇಲೆ ಬರೆದು ಒಂದೊಂದಕ್ಕೂ ಉತ್ತರ ಕೇಳಿ. ಅಗ್ಗವಾಗಿ ಕಂಡ ಹಡಗು ಕೆಲವೊಮ್ಮೆ ಇವುಗಳನ್ನು ಕೂಡಿಸಿದಾಗ ದುಬಾರಿಯಾಗಿರುತ್ತದೆ. ವಯಸ್ಕರ ಹಡಗೆಂದರೆ ಎಲ್ಲರೂ ಕುಡಿಯಲೇಬೇಕು ಎಂಬ ಒತ್ತಾಯವೇನೂ ಇಲ್ಲ. ಕುಡಿಯದವರು ಮದ್ಯದ ಪ್ಯಾಕೇಜನ್ನು ಕೊಳ್ಳದೆ ಬಿಡಬಹುದು. ಭಾರತದ ಏಜೆಂಟರ ಮೂಲಕ ಕಾಯ್ದಿರಿಸಿದರೆ ವಿದೇಶ ಪ್ರವಾಸದ ಪ್ಯಾಕೇಜಿನ ಮೇಲೆ ಟಿಸಿಎಸ್, ಅಂದರೆ ಹಣ ಕಟ್ಟುವಾಗಲೇ ವಸೂಲಿ ಮಾಡುವ ತೆರಿಗೆ, ಹಿಡಿಯುತ್ತಾರೆ. ಅದರ ರಸೀದಿಯನ್ನು ಜೋಪಾನವಾಗಿಟ್ಟರೆ ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು.

ಸಸ್ಯಾಹಾರಿಗಳು ಉಪವಾಸ ಬೀಳುವ ಕಾಲ ಇದಲ್ಲ, ಆದರೂ ಮುಂಗಡವಾಗಿ ಲಿಖಿತವಾಗಿ ತಿಳಿಸುವುದನ್ನು ಮರೆಯಬಾರದು. ಬರಿ 'ವೆಜಿಟೇರಿಯನ್' ಎಂದರೆ ಅಲ್ಲಿನವರ ಲೆಕ್ಕದಲ್ಲಿ ಮೊಟ್ಟೆ ನಡೆಯುತ್ತದೆ. ಮೀನು, ಮೊಟ್ಟೆ, ಜೆಲಾಟಿನ್ ಯಾವುದೂ ಬೇಡ ಎಂದು ಬಿಡಿಸಿ ಹೇಳಬೇಕು, ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರು ಅದನ್ನೂ ಹೇಳಬೇಕು. ನಾವು ಹೋದ ಹಡಗಿನಲ್ಲಿ ಊಟದ ಕೋಣೆಯ ಮೇಲ್ವಿಚಾರಕರು ಮಡಗಾಂವಿನವರು. ಮೊದಲ ರಾತ್ರಿ ನನ್ನ ಪತ್ನಿ ತಟ್ಟೆಯಲ್ಲಿದ್ದ ಬೇಯಿಸಿದ ತರಕಾರಿಯನ್ನು ಫೋರ್ಕಿನಿಂದ ಅತ್ತಿತ್ತ ಸರಿಸುತ್ತ ಕುಳಿತಿದ್ದುದನ್ನು ಕಂಡು ಹತ್ತಿರ ಬಂದು ವಿಚಾರಿಸಿದರು. ಮರುದಿನದಿಂದ ಪ್ರತಿ ರಾತ್ರಿ ಊಟ ಮುಗಿಯುವ ಹೊತ್ತಿಗೆ ನಾಳೆಯ ಪಟ್ಟಿಯನ್ನು ತಂದು ನಮ್ಮ ಮುಂದಿಟ್ಟು, ಯಾವುದನ್ನು ಹೇಗೆ ಬದಲಿಸಬೇಕೆಂದು ಕೇಳಿ ಬರೆದುಕೊಳ್ಳುತ್ತಿದ್ದರು. ಮೂರನೆಯ ದಿನ ಬಂದ ತೊವ್ವೆಯ ಮೇಲೆ ಸಾಸಿವೆ, ಒಣಮೆಣಸಿನಕಾಯಿಯ ಒಗ್ಗರಣೆಯಿತ್ತು. ಕೇಳಿದರೆ ಮಾಡಿಕೊಡುತ್ತಾರೆ, ಆದರೆ ಹಿಂದಿನ ದಿನವೇ ಕೇಳಬೇಕು. ಮನೆಯಲ್ಲಿ ಮಾಡಿದ ತಿಂಡಿಗಳನ್ನು ಹಲವು ಹಡಗುಗಳು ಒಳಗೆ ಬಿಡುವುದಿಲ್ಲ. ಮೊಹರು ಒಡೆಯದ ಪೊಟ್ಟಣಗಳಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್, ಊದುಬತ್ತಿ, ದೀಪಗಳನ್ನು ಒಯ್ಯಬೇಡಿ, ಬೆಂಕಿಯ ಭಯದಿಂದ ಅವನ್ನು ತೆಗೆದಿಟ್ಟುಕೊಳ್ಳುತ್ತಾರೆ.

ಬ್ರಿಟಿಷ್ ಹಡಗುಗಳಲ್ಲಿ ಒಂದೆರಡು ಸಂಜೆ ಔಪಚಾರಿಕ ಉಡುಪಿನ ಪದ್ಧತಿ ಇರುತ್ತದೆ. ಇದಕ್ಕಾಗಿ ಹೊಸ ಸೂಟು ಹೊಲಿಸಬೇಕಾಗಿಲ್ಲ. ಮದುವೆಗೆ ತೊಟ್ಟ ಜೋಧ್‌ಪುರಿ ಕೋಟು ಸಾಕು, ರೇಷ್ಮೆ ಸೀರೆಗಂತೂ ಎಲ್ಲ ಕಡೆಯೂ ಗೌರವವಿದೆ.

ಹತ್ತುವ ದಿನ ದೊಡ್ಡ ಪೆಟ್ಟಿಗೆಗಳನ್ನು ಬಂದರಿನ ಬಾಗಿಲಲ್ಲೇ ತೆಗೆದುಕೊಂಡು ಬಿಡುತ್ತಾರೆ, ಅವು ಕ್ಯಾಬಿನ್ನಿಗೆ ತಲುಪಲು ಸಂಜೆಯಾಗಬಹುದು. ನಾನು ರಕ್ತದೊತ್ತಡದ ಮಾತ್ರೆಗಳನ್ನು ಪೆಟ್ಟಿಗೆಯೊಳಗೆ ಇಟ್ಟು ಕೊಟ್ಟುಬಿಟ್ಟಿದ್ದೆ. ಪೆಟ್ಟಿಗೆ ಬಂದದ್ದು ಏಳು ಗಂಟೆಯ ಮೇಲೆ, ಅಲ್ಲಿಯವರೆಗೆ ನಮ್ಮಿಬ್ಬರ ಮನಸ್ಸೂ ಅಲ್ಲೇ ಇತ್ತು. ಔಷಧ, ಪಾಸ್‌ಪೋರ್ಟು, ಕನ್ನಡಕ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಹೊರಡುವ ಮೊದಲು ಸುರಕ್ಷತೆಯ ಕವಾಯತು ನಡೆಯುತ್ತದೆ: ಏಳು ಚಿಕ್ಕ ಸೀಟಿ, ಕೊನೆಗೊಂದು ಉದ್ದನೆಯದು. 2012ರಲ್ಲಿ ಇಟಲಿಯ ಬಳಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು 32 ಜನ ಸತ್ತಾಗ, ಅಂದೇ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಈ ಕವಾಯತು ಆಗಿರಲಿಲ್ಲ. ನಿಯಮ ಬಿಗಿಯಾದದ್ದು ಆ ದುರಂತದ ನಂತರ. ನಿಮ್ಮ ಜೀವರಕ್ಷಕ ದೋಣಿಯ ಜಾಗಕ್ಕೆ ಮೆಟ್ಟಿಲುಗಳಲ್ಲೇ ಒಮ್ಮೆ ನಡೆದು ದಾರಿ ಗುರುತಿಸಿಕೊಳ್ಳಿ. ಹಡಗು ಬಂದರು ಬಿಡುವ ಮೊದಲೇ ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಕಡಲಿನಲ್ಲಿ ಅದು ಉಪಗ್ರಹದ ಜಾಲಕ್ಕೆ ತಾನಾಗಿ ಸೇರಿಕೊಂಡರೆ, ಯೂರೋಪಿನ ರೋಮಿಂಗ್ ಪ್ಯಾಕ್ ಹಾಕಿಸಿದ್ದರೂ ಬೇರೆಯೇ ಬಿಲ್ಲು ಬರುತ್ತದೆ.

ಏಳು ರಾತ್ರಿಯ ನಾರ್ವೆ ಯಾನದಲ್ಲಿ ಎರಡು ಮೂರು ದಿನ ಪೂರ್ತಿ ಕಡಲಿನಲ್ಲೇ ಕಳೆಯುತ್ತವೆ, ಉತ್ತರ ಸಮುದ್ರ ಬೇಸಿಗೆಯಲ್ಲೂ ಕೆಲವೊಮ್ಮೆ ಕೆರಳುತ್ತದೆ. ವಾಂತಿಯ ಮಾತ್ರೆಯನ್ನು ಊರಿನ ವೈದ್ಯರನ್ನೇ ಕೇಳಿ ಒಯ್ಯಿರಿ. ಅದನ್ನು ತಲೆ ತಿರುಗಲು ಶುರುವಾಗುವ ಮೊದಲೇ ನುಂಗಬೇಕು. ಊಟಕ್ಕೆ ಮುಂಚೆ ಪ್ರತಿ ಬಾರಿಯೂ ಸೋಪು ಹಚ್ಚಿ ಕೈ ತೊಳೆಯಿರಿ. ಹಡಗುಗಳಲ್ಲಿ ಹರಡುವ ನೊರೊವೈರಸ್ ಎಂಬ ವಾಂತಿ ಭೇದಿಯ ಸೋಂಕನ್ನು ಸ್ಯಾನಿಟೈಸರ್ ಸೋಪಿನಷ್ಟು ಚೆನ್ನಾಗಿ ತಡೆಯುವುದಿಲ್ಲ.

ಬಂದರುಗಳಲ್ಲಿ ಸ್ವಂತವಾಗಿ ಸುತ್ತುವವರು ಹಡಗಿನ ಗಡಿಯಾರವನ್ನೇ ನಂಬಬೇಕು, ಏಕೆಂದರೆ ಹಡಗಿನ ಸಮಯ ಮತ್ತು ಊರಿನ ಸಮಯ ಒಂದೇ ಆಗಿರದ ದಿನಗಳುಂಟು. ಕಂಪನಿಯೇ ಏರ್ಪಡಿಸಿದ ಬಸ್ಸು ತಡವಾದರೆ ಹಡಗು ಕಾಯುತ್ತದೆ. ನೀವೇ ಮಾಡಿಕೊಂಡ ಟ್ಯಾಕ್ಸಿ ತಡವಾದರೆ ಕಾಯುವುದಿಲ್ಲ. ಮೊಣಕಾಲು ನೋವಿರುವವರು, ಯಾವ ಬಂದರಿನಲ್ಲಿ ಹಡಗು ದಕ್ಕೆಗೆ ತಾಗಿ ನಿಲ್ಲುವುದಿಲ್ಲ, ಎಲ್ಲಿ ಚಿಕ್ಕ ದೋಣಿಗಿಳಿದು ದಡ ಸೇರಬೇಕು ಎಂಬುದನ್ನು ಕಾಯ್ದಿರಿಸುವಾಗಲೇ ಕೇಳಲಿ.

ಮಕ್ಕಳಿಲ್ಲದ ಹಡಗಿನಿಂದ ನಿಜವಾಗಿ ಸಿಗುವುದೇನು ಎಂಬುದು ನನಗೆ ಗೊತ್ತಾದದ್ದು ನಾರ್ವೆಯ ಗೈರಾಂಗರ್ ಎಂಬ ಕಡಲ ಕಣಿವೆಯನ್ನು ಹೊಕ್ಕ ಮುಂಜಾನೆ. 2005ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಈ ಕಣಿವೆಯಲ್ಲಿ 'ಏಳು ಅಕ್ಕತಂಗಿಯರು' ಎಂದು ಕರೆಯುವ ಜಲಪಾತವಿದೆ. ಮುಂಭಾಗದ ಡೆಕ್ಕಿನ ಮೇಲೆ ನೂರಾರು ಜನ ಕಂಬಳಿ ಹೊದ್ದು ನಿಂತಿದ್ದರು. ಯಾರೂ ಓಡಲಿಲ್ಲ, ಯಾರೂ ಯಾರನ್ನೂ ಕರೆಯಲಿಲ್ಲ. ಬಂಡೆಯಿಂದ ಬೀಳುವ ನೀರಿನ ಸದ್ದು ಮತ್ತು ಪಕ್ಕದವರು ಕಪ್ಪನ್ನು ಸಾಸರಿನ ಮೇಲಿಟ್ಟ ಸಣ್ಣ ಸದ್ದು ಎರಡೇ ಕೇಳುತ್ತಿದ್ದವು. ಅದೇ ದಿನ ಸಂಜೆ ಖಾಲಿಯಿದ್ದ ಈಜುಕೊಳದ ಬಳಿ ನನ್ನ ಪತ್ನಿ ಮೊಮ್ಮಗಳನ್ನು ನೆನೆದು, "ಪುಟ್ಟಿ ಇದ್ದಿದ್ದರೆ ಇಷ್ಟು ಹೊತ್ತಿಗೆ ನೀರಲ್ಲಿರುತ್ತಿದ್ದಳು" ಎಂದಳು. ಪ್ರವಾಸದ ಸುಖವೆಲ್ಲ ಮೊಮ್ಮಕ್ಕಳ ಜೊತೆಗೇ ಇದೆ ಎನ್ನುವವರು ಈ ಬಗೆಯ ಹಡಗಿಗೆ ಹಣ ಕೊಡಬಾರದು; ಆ ಹಂಬಲವನ್ನು ವಾರದ ಮಟ್ಟಿಗೆ ಪಕ್ಕಕ್ಕಿಡಬಲ್ಲವರು ಮಾತ್ರ ಕೊಡಬೇಕು.

ಕೊನೆಯ ರಾತ್ರಿ ಪೆಟ್ಟಿಗೆಗಳನ್ನು ಚೀಟಿ ಕಟ್ಟಿ ಕ್ಯಾಬಿನ್ನಿನ ಹೊರಗಿಡಬೇಕು. ಮಲಗುವ ಮುನ್ನ ಬೆಳಗ್ಗೆ ತೊಡುವ ಬಟ್ಟೆ, ಚಪ್ಪಲಿ, ಮಾತ್ರೆ ಒಳಗೇ ಉಳಿದಿವೆಯೇ ಎಂದು ನೋಡಿಕೊಳ್ಳಿ. ಹಡಗಿನ ಖಾತೆಯ ಲೆಕ್ಕವನ್ನು ಅಂದು ರಾತ್ರಿಯೇ ತರಿಸಿ ಸಾಲುಸಾಲಾಗಿ ಓದಿ, ತಪ್ಪಿದ್ದರೆ ಆಗಲೇ ಸರಿಪಡಿಸಿಕೊಳ್ಳಿ. ಬೆಳಗ್ಗೆ ಆ ಮೇಜಿನ ಮುಂದೆ ಉದ್ದನೆಯ ಸಾಲಿರುತ್ತದೆ.