ಕಂಪ್ಯೂಟರಿಗೆ ಎಷ್ಟು ರ‍್ಯಾಮ್ ಬೇಕು, ಎಷ್ಟು ವರ್ಚುವಲ್ ಮೆಮೊರಿ ಬೇಕು: ಅಳೆದು ನಿರ್ಧರಿಸುವ ಬಗೆ

ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರು ಹುಳುಮನೆ ಕಟ್ಟುವಾಗ ಚಾಕಿ, ಅಂದರೆ ಎಳೆಯ ಹುಳುವಿನ ಗಾತ್ರ ನೋಡಿ ಅಳತೆ ಹಾಕುವುದಿಲ್ಲ. ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಮೇಲೆ ಅದೇ ಹುಳು ಎಷ್ಟು ಜಾಗ ಹಿಡಿಯುತ್ತದೆ, ಎಷ್ಟು ಸೊಪ್ಪು ತಿನ್ನುತ್ತದೆ ಎಂಬುದರ ಮೇಲೆ ಮನೆಯ ಅಳತೆ ನಿಲ್ಲುತ್ತದೆ. ಕಂಪ್ಯೂಟರಿನ ಮೆಮೊರಿಯನ್ನು ಅಳೆಯುವ ಕ್ರಮವೂ ಇದೇ ಆಗಬೇಕು. ಚಿಕ್ಕಬಳ್ಳಾಪುರದಲ್ಲಿ ಡಿಟಿಪಿ ಅಂಗಡಿ, ಫೋಟೋ ಸ್ಟುಡಿಯೋ, ಲೆಕ್ಕಪತ್ರದ ಕಚೇರಿಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಾ ಬಂದಿರುವ ನನ್ನ ಅನುಭವದಲ್ಲಿ, ಹಣ ವ್ಯರ್ಥವಾಗುವುದು ಹೆಚ್ಚಾಗಿ ಅಳೆಯದೆ ಕೊಳ್ಳುವುದರಿಂದ. ಕೆಲವರು ಬೇಡದ 32 ಜಿಬಿ ರ‍್ಯಾಮ್ ಹಾಕಿಸುತ್ತಾರೆ, ಕೆಲವರು 4 ಜಿಬಿಯಲ್ಲಿ ಪರದಾಡುತ್ತಾ ಇಡೀ ಯಂತ್ರವನ್ನೇ ಬದಲಿಸಲು ಹೊರಡುತ್ತಾರೆ.

ಮೊದಲು ರ‍್ಯಾಮ್ ಮತ್ತು ವರ್ಚುವಲ್ ಮೆಮೊರಿಗಳ ಸಂಬಂಧ ತಿಳಿದಿರಲಿ. ಚಾಲನೆಯಲ್ಲಿರುವ ತಂತ್ರಾಂಶಗಳು ರ‍್ಯಾಮ್‌ನಲ್ಲಿ ಇರುತ್ತವೆ. ಅಲ್ಲಿ ಜಾಗ ಸಾಲದಾದಾಗ ಕಾರ್ಯಾಚರಣ ವ್ಯವಸ್ಥೆಯು ಸದ್ಯಕ್ಕೆ ಬೇಡವಾದ ಭಾಗಗಳನ್ನು, ಸಾಮಾನ್ಯವಾಗಿ 4 ಕೆಬಿಯ ಪುಟಗಳ ಲೆಕ್ಕದಲ್ಲಿ, ಡಿಸ್ಕಿಗೆ ಸಾಗಿಸಿ ಬೇಕಾದಾಗ ಮರಳಿ ತರುತ್ತದೆ. ಹೀಗೆ ಬಳಸುವ ಡಿಸ್ಕಿನ ಜಾಗಕ್ಕೆ ವಿಂಡೋಸ್‌ನಲ್ಲಿ ಪೇಜ್ ಫೈಲ್ ಎಂದೂ ಲಿನಕ್ಸ್‌ನಲ್ಲಿ ಸ್ವಾಪ್ ಎಂದೂ ಹೆಸರು. ಬಳಕೆದಾರರು ವರ್ಚುವಲ್ ಮೆಮೊರಿ ಎಂದು ಕರೆಯುವುದು ಹೆಚ್ಚಾಗಿ ಇದನ್ನೇ. ಆದರೆ ಇದು ರ‍್ಯಾಮ್‌ಗೆ ಸಮನಲ್ಲ. ರ‍್ಯಾಮ್‌ನಿಂದ ಮಾಹಿತಿ ಸಿಗಲು ಸುಮಾರು 100 ನ್ಯಾನೋಸೆಕೆಂಡ್ ಸಾಕಾದರೆ, ತಿರುಗುವ ಹಾರ್ಡ್ ಡಿಸ್ಕಿನಿಂದ ಸಿಗಲು ಸುಮಾರು 10 ಮಿಲಿಸೆಕೆಂಡ್ ಬೇಕು, ಅಂದರೆ ಲಕ್ಷ ಪಟ್ಟು ನಿಧಾನ. ಎಸ್‌ಎಸ್‌ಡಿ ಇದ್ದರೂ ಅಂತರ ಸಾವಿರ ಪಟ್ಟಿನ ಆಸುಪಾಸಿನಲ್ಲಿರುತ್ತದೆ. ಆದ್ದರಿಂದ ನಿತ್ಯದ ಕೆಲಸ ರ‍್ಯಾಮ್‌ನಲ್ಲೇ ಹಿಡಿಯಬೇಕು. ವರ್ಚುವಲ್ ಮೆಮೊರಿ ಆಪತ್ಕಾಲದ ಒತ್ತಾಸೆಯಾಗಿರಬೇಕು.

ಅಳೆಯುವುದಕ್ಕೆ ಮದುವೆಯ ಕಾಲದ ಒಂದು ಸಂಜೆಯಂತಹ ಬಿಡುವಿಲ್ಲದ ಹೊತ್ತನ್ನು ಆರಿಸಿಕೊಳ್ಳಿ. ನೀವು ಒಟ್ಟಿಗೆ ಬಳಸುವ ಎಲ್ಲ ತಂತ್ರಾಂಶಗಳೂ ತೆರೆದಿರುವಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿಯನ್ನು ಆರಿಸಿ. ಅಲ್ಲಿ ‘ಅವೈಲಬಲ್’ ಮತ್ತು ‘ಕಮಿಟೆಡ್’ ಎಂಬ ಎರಡು ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಖಾಲಿ ಇರುವ ರ‍್ಯಾಮ್ ಅನ್ನು ವಿಂಡೋಸ್ ಇತ್ತೀಚೆಗೆ ಓದಿದ ಕಡತಗಳನ್ನು ಇಟ್ಟುಕೊಳ್ಳಲು ಬಳಸುತ್ತದೆ, ಬೇಕಾದಾಗ ಕೂಡಲೇ ಬಿಟ್ಟುಕೊಡುತ್ತದೆ. ಹಾಗಾಗಿ ಪೂರ್ತಿ ಖಾಲಿ ಇರುವ ಭಾಗ ಕಡಿಮೆ ಎಂದು ಗಾಬರಿಯಾಗಬೇಕಿಲ್ಲ, ಅವೈಲಬಲ್ ಸಾಕಷ್ಟಿದ್ದರೆ ಆಯಿತು. ಕಮಿಟೆಡ್ ಎಂಬುದರಲ್ಲಿ ಎರಡು ಸಂಖ್ಯೆಗಳಿರುತ್ತವೆ: ತಂತ್ರಾಂಶಗಳಿಗೆ ಕೊಡುವುದಾಗಿ ಒಪ್ಪಿಕೊಂಡ ಮೆಮೊರಿ ಮೊದಲನೆಯದು, ರ‍್ಯಾಮ್ ಮತ್ತು ಪೇಜ್ ಫೈಲ್ ಸೇರಿದ ಮಿತಿ ಎರಡನೆಯದು. ಮೊದಲನೆಯದು ಎರಡನೆಯದರ ಹತ್ತಿರ ಬಂದರೆ ತಂತ್ರಾಂಶಗಳು ಏಕಾಏಕಿ ಮುಚ್ಚಿಕೊಳ್ಳಬಹುದು. ಇದರ ಜೊತೆಗೆ ರಿಸೋರ್ಸ್ ಮಾನಿಟರ್ ತೆರೆದು ಮೆಮೊರಿ ವಿಭಾಗದಲ್ಲಿ ‘ಹಾರ್ಡ್ ಫಾಲ್ಟ್ಸ್’ ಗಮನಿಸಿ; ಬೇಕಾದ ಪುಟವನ್ನು ಡಿಸ್ಕಿನಿಂದ ತರಬೇಕಾಗಿ ಬಂದದ್ದು ಸೆಕೆಂಡಿಗೆ ಎಷ್ಟು ಸಲ ಎಂಬ ಎಣಿಕೆ ಅದು. ತಂತ್ರಾಂಶ ತೆರೆಯುವಾಗ ಅದು ಏರುವುದು ಸಹಜ. ಕೆಲಸದ ನಡುವೆ ನಿಮಿಷಗಟ್ಟಲೆ ನೂರಾರರಲ್ಲೇ ನಿಂತು, ಅವೈಲಬಲ್ ಕೂಡ ಕೆಲವೇ ನೂರು ಎಂಬಿಗೆ ಇಳಿದಿದ್ದರೆ ರ‍್ಯಾಮ್ ಸಾಲದು ಎಂದೇ ತಿಳಿಯಬಹುದು.

ಕೆಲಸದ ಸ್ವರೂಪವೇ ಕೆಲವೊಮ್ಮೆ ಲೆಕ್ಕ ಹೇಳುತ್ತದೆ. ಮದುವೆ ಆಲ್ಬಮ್ಮಿನ 12 ಇಂಚು ಎತ್ತರ, 36 ಇಂಚು ಅಗಲದ ಒಂದು ಹಾಳೆಯನ್ನು ಇಂಚಿಗೆ 300 ಚುಕ್ಕೆಗಳಂತೆ ಸಿದ್ಧಪಡಿಸಿದರೆ 3,600 ಮತ್ತು 10,800ರ ಗುಣಲಬ್ಧ, ಅಂದರೆ ಸುಮಾರು 3.9 ಕೋಟಿ ಚುಕ್ಕೆಗಳಾಗುತ್ತವೆ. ಚುಕ್ಕೆಗೆ 3 ಬೈಟ್ ಎಂದರೂ ಒಂದು ಪೂರ್ಣ ಪದರಕ್ಕೆ ಸುಮಾರು 117 ಎಂಬಿ ಬೇಕು. ಹಿನ್ನೆಲೆ, ಚಿತ್ರ, ಅಲಂಕಾರ, ನೆರಳು ಎಂದು ಹಾಳೆಯನ್ನೆಲ್ಲ ತುಂಬುವ 20 ಪದರಗಳಿದ್ದರೆ 2 ಜಿಬಿ ದಾಟುತ್ತದೆ. ಫೋಟೋಶಾಪ್ ಹಿಂದಿನ ಹೆಜ್ಜೆಗಳನ್ನು ನೆನಪಿಟ್ಟುಕೊಳ್ಳಲು ಬಳಸುವ ಮೆಮೊರಿ ಬೇರೆ. ಇಂತಹ ಮೂರು ಹಾಳೆ ತೆರೆದಿಟ್ಟು, ಪಕ್ಕದಲ್ಲಿ ಕೋರೆಲ್‌ಡ್ರಾದಲ್ಲಿ ಲಗ್ನಪತ್ರಿಕೆ, ಕ್ರೋಮ್‌ನಲ್ಲಿ ವಾಟ್ಸಾಪ್ ಇಟ್ಟುಕೊಂಡರೆ 8 ಜಿಬಿ ಏಕೆ ಸಾಲದೆಂಬುದು ಸ್ಪಷ್ಟವಾಗುತ್ತದೆ. ಫೋಟೋಶಾಪ್ ಸ್ಕ್ರ್ಯಾಚ್ ಡಿಸ್ಕ್ ಎಂಬ ತನ್ನದೇ ಆದ ತಾತ್ಕಾಲಿಕ ಜಾಗವನ್ನೂ ಡಿಸ್ಕಿನಲ್ಲಿ ಬಳಸುತ್ತದೆ. ಅದು ಪೇಜ್ ಫೈಲ್ ಅಲ್ಲ, ಆದರೆ ಸಿ ಡ್ರೈವ್ ತುಂಬಿದ್ದರೆ ಎರಡೂ ಕುತ್ತಿಗೆ ಹಿಸುಕಿದಂತೆ ನಿಲ್ಲುತ್ತವೆ.

ನನ್ನ ಅಂದಾಜು ಹೀಗಿದೆ. ನುಡಿ ತಂತ್ರಾಂಶದಲ್ಲಿ ಟೈಪಿಂಗ್, ಟ್ಯಾಲಿಯಲ್ಲಿ ಒಂದು ಮಂಡಿಯ ಲೆಕ್ಕ, ಬ್ರೌಸರಿನಲ್ಲಿ ಅರ್ಜಿ ತುಂಬುವುದು, ಇಷ್ಟಕ್ಕೆ 8 ಜಿಬಿ ಸಾಕು. ಆಲ್ಬಮ್ ವಿನ್ಯಾಸಕ್ಕೂ, ಆಂಡ್ರಾಯ್ಡ್ ಸ್ಟುಡಿಯೋ ಬಳಸುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ 16 ಜಿಬಿ ಬೇಕು. 4ಕೆ ವಿಡಿಯೋ ಸಂಕಲನಕ್ಕೆ 32 ಜಿಬಿ. ವಿಂಡೋಸ್ 11 ಕೇಳುವ ಕನಿಷ್ಠ ರ‍್ಯಾಮ್ 4 ಜಿಬಿ ಎಂಬುದು ನಿಜ, ಆದರೆ ಅದು ವ್ಯವಸ್ಥೆಯನ್ನು ಅನುಸ್ಥಾಪಿಸಲು ಬೇಕಾದದ್ದೇ ಹೊರತು ನೆಮ್ಮದಿಯಿಂದ ದುಡಿಯಲು ಬೇಕಾದದ್ದಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಚಿತ್ರ ತೋರಿಸುವ ಕೆಲಸಕ್ಕೂ ಇದೇ ರ‍್ಯಾಮ್‌ನಿಂದ ಪಾಲು ಹೋಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇನ್ನು ಪೇಜ್ ಫೈಲ್. ರ‍್ಯಾಮ್‌ನ ಒಂದೂವರೆ ಪಟ್ಟು ಇಡಬೇಕೆಂಬ ಮಾತು 128 ಎಂಬಿ, 256 ಎಂಬಿ ರ‍್ಯಾಮ್ ಇದ್ದ ಕಾಲದ್ದು. ಅದನ್ನೇ ಇಂದು ಪಾಲಿಸಿದರೆ 32 ಜಿಬಿ ಯಂತ್ರದಲ್ಲಿ 48 ಜಿಬಿ ಡಿಸ್ಕ್ ಸುಮ್ಮನೆ ಕಟ್ಟಿಹಾಕಿದಂತಾಗುತ್ತದೆ; ರ‍್ಯಾಮ್ ಹೆಚ್ಚಿದಷ್ಟೂ ಇದರ ಅಗತ್ಯ ಕಡಿಮೆಯಾಗಬೇಕು, ಆ ಸೂತ್ರ ಉಲ್ಟಾ ಹೇಳುತ್ತದೆ. ಬಹುತೇಕರು ಇದನ್ನು ವಿಂಡೋಸ್‌ನ ನಿರ್ವಹಣೆಗೇ ಬಿಟ್ಟು, ಸಿ ಡ್ರೈವಿನಲ್ಲಿ ಜಾಗ ಖಾಲಿ ಇರುವಂತೆ ನೋಡಿಕೊಂಡರೆ ಸಾಕು. ತಾವೇ ನಿಗದಿ ಮಾಡಬೇಕಾದ ಕಾರಣವಿದ್ದರೆ, ಬಿಡುವಿಲ್ಲದ ಹೊತ್ತಿನಲ್ಲಿ ಕಂಡ ಕಮಿಟೆಡ್ ಅಂಕಿಯಿಂದ ರ‍್ಯಾಮ್ ಕಳೆದು ಸ್ವಲ್ಪ ಸೇರಿಸಿ: ಕಮಿಟೆಡ್ 22 ಜಿಬಿ, ರ‍್ಯಾಮ್ 16 ಜಿಬಿ ಇದ್ದರೆ 6 ಉಳಿಯುತ್ತದೆ, 8 ಜಿಬಿ, ಅಂದರೆ 8192 ಎಂಬಿ ಇಡಬಹುದು. ರನ್ ಪೆಟ್ಟಿಗೆಯಲ್ಲಿ sysdm.cpl ಎಂದು ಕೊಟ್ಟು ಸಿಸ್ಟಮ್ ಪ್ರಾಪರ್ಟೀಸ್ ತೆರೆದು, ಅಡ್ವಾನ್ಸ್ಡ್ ವಿಭಾಗದ ಪರ್ಫಾರ್ಮೆನ್ಸ್ ಸೆಟ್ಟಿಂಗ್ಸ್‌ನಲ್ಲಿ ಮತ್ತೊಮ್ಮೆ ಅಡ್ವಾನ್ಸ್ಡ್ ಆರಿಸಿದರೆ ವರ್ಚುವಲ್ ಮೆಮೊರಿಯ ಆಯ್ಕೆ ಸಿಗುತ್ತದೆ. ರ‍್ಯಾಮ್ ಬೇಕಾದಷ್ಟಿದೆ ಎಂದು ಪೇಜ್ ಫೈಲನ್ನು ಪೂರ್ತಿ ತೆಗೆದುಹಾಕಬೇಡಿ. ಒಮ್ಮೆ ಮಿತಿ ತಲುಪಿದರೆ ಉಳಿಸದ ಕೆಲಸ ಕೈತಪ್ಪುತ್ತದೆ.

ಲಿನಕ್ಸ್ ಬಳಸುವವರು ಫ್ರೀ ಆದೇಶದ ‘ಅವೈಲಬಲ್’ ಕಾಲಮ್ಮನ್ನು ನೋಡಲಿ. ವಿದ್ಯುತ್ ಹೋದಾಗ ಹೈಬರ್ನೇಟ್ ಮಾಡುವ, ಅಂದರೆ ತೆರೆದ ಕೆಲಸವನ್ನು ಹಾಗೆಯೇ ಡಿಸ್ಕಿನಲ್ಲಿಟ್ಟು ಯಂತ್ರ ಆರಿಸುವ ರೂಢಿಯಿದ್ದರೆ ಸ್ವಾಪ್ ಅನ್ನು ರ‍್ಯಾಮ್‌ನಷ್ಟಾದರೂ ಇಡುವುದು ಕ್ಷೇಮ. ವಿಂಡೋಸ್ ಅದಕ್ಕೆ ಬೇರೆಯೇ ಕಡತ ಬಳಸುತ್ತದೆ.

ಕೊಳ್ಳುವ ಮುನ್ನ ಟಾಸ್ಕ್ ಮ್ಯಾನೇಜರಿನ ಅದೇ ಪುಟದಲ್ಲಿ ರ‍್ಯಾಮ್ ಕೂರಿಸುವ ಎಷ್ಟು ಸ್ಲಾಟ್ ಬಳಕೆಯಲ್ಲಿವೆ ಎಂದು ನೋಡಿ. ರ‍್ಯಾಮ್‌ನ ಬೇರೆ ಬೇರೆ ತಲೆಮಾರುಗಳಾದ ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ಲ್ಯಾಪ್‌ಟಾಪಿನ ರ‍್ಯಾಮ್ ಪಟ್ಟಿಯ ಅಳತೆಯೂ ಬೇರೆ, ಕೆಲವು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ. ಹಳೆಯ ಯಂತ್ರದಲ್ಲಿ 32 ಬಿಟ್ ವಿಂಡೋಸ್ ಇದ್ದರೆ ಎಷ್ಟು ಹಾಕಿದರೂ ಅದು 4 ಜಿಬಿ ದಾಟಿ ಬಳಸದು. ಮೊದಲು 64 ಬಿಟ್‌ಗೆ ಬದಲಿಸಬೇಕು. ಹೊಸ ಪಟ್ಟಿ ಹಾಕಿದ ಮೇಲೆ ಮೊದಲಿನಂತೆಯೇ ಬಿಡುವಿಲ್ಲದ ಹೊತ್ತಿನಲ್ಲಿ ಅದೇ ಅಂಕಿಗಳನ್ನು ಬರೆದು ಹಳೆಯದಕ್ಕೆ ಹೋಲಿಸಿ. ಅವೈಲಬಲ್ ಧಾರಾಳವಾಗಿದ್ದು, ಹಾರ್ಡ್ ಫಾಲ್ಟ್ಸ್ ಇಳಿದು, ಆದರೂ ಯಂತ್ರ ತಡವರಿಸುತ್ತಿದ್ದರೆ ದೋಷ ಮೆಮೊರಿಯಲ್ಲಿಲ್ಲ. ಮುಂದೆ ನೋಡಬೇಕಾದದ್ದು ಡಿಸ್ಕನ್ನು.