ಮಾಡೆಲ್‌ನಲ್ಲಿ ಕರಗಿ ಹೋಗುತ್ತಿದ್ದ ಮೋಡ ನಿಂತದ್ದು ಹೀಗೆ

ಸುರತ್ಕಲ್‌ನ ರೂಮಿನಲ್ಲಿ ಕೂತು ನಾನು ಕಂಪ್ಯೂಟರ್ ಮಾಡೆಲ್‌ನಲ್ಲಿ ಸಿಮ್ಯುಲೇಶನ್ ಮಾಡುತ್ತಿದ್ದದ್ದು 2001ರ ಜುಲೈನಲ್ಲಿ ಕ್ಯಾಲಿಫೋರ್ನಿಯಾ ಕರಾವಳಿಯಾಚೆ ವಿಮಾನದಲ್ಲಿ ಹೋಗಿ ಅಳೆದ ಮೋಡವನ್ನು; ಆ ಸಂಶೋಧನಾ ಅಭಿಯಾನದ ಹೆಸರು ಡೈಕಾಮ್ಸ್-2. ಆಟಿಯಲ್ಲಿ (ತುಳುವರ ಮಳೆಗಾಲದ ತಿಂಗಳು) ಪಣಂಬೂರಿನ ಮೇಲೆ ಕವಿಯುವ ಮಳೆಮೋಡದ ಥರ ಅಲ್ಲ ಇದು. ಸುಮಾರು 600ರಿಂದ 840 ಮೀಟರ್‌ವರೆಗಿನ ತೆಳು ಹಾಸು, ಅಷ್ಟೇ. ಅದರ ನೆತ್ತಿಯ ಮೇಲೆ ಬಿಸಿಯಾದ ಒಣ ಗಾಳಿ.

ರನ್ ಶುರುವಾದಾಗ ಮೋಡ ಚೆನ್ನಾಗಿಯೇ ಇರುತ್ತಿತ್ತು. ಆಮೇಲೆ ಅಲ್ಲಲ್ಲಿ ತೂತು ಬಿದ್ದು ಕರಗುತ್ತಿತ್ತು. ಮೊದಲು ವಿಕಿರಣದ ಲೆಕ್ಕ ನೋಡಿದೆ. ನೆತ್ತಿ ಶಾಖ ಬಿಟ್ಟು ತಣ್ಣಗಾಗುತ್ತದೆ, ಆ ತಣ್ಣನೆ ಗಾಳಿ ಕೆಳಗಿಳಿಯುತ್ತದೆ, ಸಮುದ್ರದ ತೇವ ಮೇಲೇರುತ್ತದೆ. ಮೋಡ ಬದುಕುವುದೇ ಇದರಿಂದ ಅಲ್ವಾ? ಅಲ್ಲಿ ಎಲ್ಲ ಸರಿಯಿತ್ತು.

ತೊಂದರೆ ಇದ್ದದ್ದು ಮಾಡೆಲ್ ಗಾಳಿಯನ್ನು ಕೆಳಗಿನಿಂದ ಮೇಲಕ್ಕೆ ಹೋಳು ಮಾಡಿಕೊಳ್ಳುವ ಪದರಗಳಲ್ಲಿ. 840 ಮೀಟರ್ ಹತ್ತಿರ ತಾಪಮಾನ ಒಮ್ಮೆಗೇ 8 ಡಿಗ್ರಿಗೂ ಜಾಸ್ತಿ ಜಿಗಿಯುತ್ತದೆ. ತೇವ ಕಿಲೋ ಗಾಳಿಗೆ 9 ಗ್ರಾಂನಿಂದ 1.5 ಗ್ರಾಂಗೆ ಇಳಿಯುತ್ತದೆ. 40 ಮೀಟರ್ ದಪ್ಪದ ಪದರಗಳಲ್ಲಿ ಈ ಗಡಿ ಮಸುಕಾಗಿ, ಒಣ ಗಾಳಿ ಬೇಕಾದ್ದಕ್ಕಿಂತ ಜಾಸ್ತಿ ಒಳಗೆ ಬೆರೆಯುತ್ತಿತ್ತು.

ನೆತ್ತಿಯ ಸುತ್ತ ಪದರ 5 ಮೀಟರ್‌ಗೆ ಇಳಿಸಿದೆ. ಟೈಮ್ ಸ್ಟೆಪ್ (ಲೆಕ್ಕ ಒಂದು ಸಲಕ್ಕೆ ಮುಂದೆ ಹೋಗುವ ಸಮಯ) ಕೂಡ ಚಿಕ್ಕದು ಮಾಡಲೇಬೇಕು, ಇಲ್ಲದಿದ್ದರೆ ರನ್ ಕ್ರ್ಯಾಶ್. ಮೋಡ ನಿಂತಿತು, ಆದರೂ ಸ್ವಲ್ಪ ತೆಳುವಾಗಿಯೇ ಇತ್ತು. ಗ್ರಿಡ್‌ನ (ಲೆಕ್ಕದ ಚೌಕಗಳ) ಅಳತೆಗಿಂತ ಚಿಕ್ಕ ಸುಳಿಗಳಿಗಾಗಿ ಮಾಡೆಲ್ ಶಾಖ, ತೇವಗಳನ್ನು ಬೆರೆಸುತ್ತದಲ್ಲ, ಆ ಭಾಗ ಆಫ್ ಮಾಡಿದ ಮೇಲೆ ನೀರಿನ ಅಂಶ ಅಳತೆಗೆ ಹತ್ತಿರ ಬಂತು. ಆ ಖುಷಿ ಹೇಳತೀರದು!

ರನ್ ಈಗ ತುಂಬಾ ನಿಧಾನ. ಮಳೆಗಾಲದಲ್ಲಿ ಕರೆಂಟ್ ನಂಬುವ ಹಾಗಿಲ್ಲ, ನಿಂತಲ್ಲಿಂದ ಮುಂದುವರಿಸಲು ಬೇಕಾದ ರೀಸ್ಟಾರ್ಟ್ ಫೈಲ್ ಗಂಟೆಗೊಮ್ಮೆ ಬರೆಸಿಕೊಳ್ಳಿ.