ಎಳೆಗೂಸಿನ ಕರುಳು ಕಟ್ಟಿದಾಗ: ಮೆಕೋನಿಯಂ ಇಲಿಯಸ್

ದಿನ ತುಂಬಿ ಹುಟ್ಟಿದ ಬಹುಪಾಲು ಮಕ್ಕಳು 24 ಗಂಟೆಯೊಳಗೆ ಕಪ್ಪು, ಅಂಟು ಅಂಟಾದ ಮೊದಲ ಮಲ ಹಾಕುತ್ತವೆ. ಅದೇ ಮೆಕೋನಿಯಂ. 48 ಗಂಟೆ ದಾಟುವುದು ಅಪರೂಪ. ಮಲ ಹೋಗದೆ ಹೊಟ್ಟೆ ಉಬ್ಬಿ, ವಾಂತಿ ಹಸಿರಾಗಿದ್ದರೆ ಗಡಿಯಾರ ನೋಡುತ್ತ ಕೂರಬೇಡಿ. ಹಸಿರು ಬಣ್ಣ ಪಿತ್ತದ್ದು. ಕರುಳು ತಿರುಚಿಕೊಂಡಾಗಲೂ ಹೀಗೇ ಆಗುತ್ತದೆ, ಆಗ ಕೆಲವೇ ಗಂಟೆಗಳಲ್ಲಿ ಕರುಳು ಸಾಯಬಹುದು. ಹಾಲು ನಿಲ್ಲಿಸಿ, ಮಗುವನ್ನು ಬೆಚ್ಚಗಿಟ್ಟು, ಶಿಶು ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ಕೂಡಲೇ ಒಯ್ಯಿರಿ. ಮನೆಯಲ್ಲಿ ಎನಿಮಾ, ಸೋಪಿನ ಕಡ್ಡಿ, ಭೇದಿ ಔಷಧ ಯಾವುದೂ ಬೇಡ.

ಮೆಕೋನಿಯಂ ಗಟ್ಟಿಯಾಗಿ ಕರುಳು ಕಟ್ಟುವುದೇ ಮೆಕೋನಿಯಂ ಇಲಿಯಸ್. ಇದಕ್ಕೆ ಸಾಮಾನ್ಯ ಕಾರಣ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ರೋಗ. ಸಿಎಫ್‌ಟಿಆರ್ ಜೀನ್ ಕೆಟ್ಟಿರುವುದರಿಂದ ಕರುಳಿನೊಳಕ್ಕೆ ಕ್ಲೋರೈಡ್ ಮತ್ತು ನೀರು ಸಾಕಷ್ಟು ಇಳಿಯುವುದಿಲ್ಲ. ಮೆಕೋನಿಯಂ ಗಟ್ಟಿಯಾಗಿ ಸಣ್ಣ ಕರುಳಿನ ತುದಿಯಲ್ಲಿ ಮೆತ್ತಿಕೊಳ್ಳುತ್ತದೆ. ಬಳಕೆಯಿಲ್ಲದ ದೊಡ್ಡ ಕರುಳು ಸಣಕಲಾಗಿ ಉಳಿಯುತ್ತದೆ.

ಆಸ್ಪತ್ರೆಯಲ್ಲಿ ಮೊದಲು ಡ್ರಿಪ್, ಜಠರ ಬರಿದು ಮಾಡಲು ಮೂಗಿನ ನಳಿಕೆ. ಎಕ್ಸ್-ರೇಯಲ್ಲಿ ಉಬ್ಬಿದ ಕರುಳು, ಹಲವೊಮ್ಮೆ ಸೋಪಿನ ನೊರೆಯಂಥ ಗುಳ್ಳೆಗಳು ಕಾಣುತ್ತವೆ. ಸುಣ್ಣದ ಚುಕ್ಕಿಗಳಿದ್ದರೆ ಗರ್ಭದಲ್ಲೇ ಕರುಳು ತೂತಾಗಿರುವ ಸಾಧ್ಯತೆ ಇದೆ. ಕರುಳು ತೂತಾಗದೆ, ತಿರುಚಿಕೊಳ್ಳದೆ ಇದ್ದರೆ ಎಕ್ಸ್-ರೇ ಪರದೆ ನೋಡುತ್ತಲೇ ಗ್ಯಾಸ್ಟ್ರೋಗ್ರಾಫಿನ್ (ಎಕ್ಸ್-ರೇಯಲ್ಲಿ ಕಾಣುವ ದ್ರಾವಣ) ಎನಿಮಾ ಕೊಡುತ್ತಾರೆ. ಅದು ಮೈಯ ನೀರನ್ನೇ ಕರುಳಿಗೆ ಎಳೆದು ಮಲವನ್ನು ಸಡಿಲಿಸುತ್ತದೆ. ಎಡವುವುದೂ ಇಲ್ಲೇ: ದ್ರಾವಣ ತೆಳುಗೊಳಿಸದೆ, ಡ್ರಿಪ್ ಹೆಚ್ಚಿಸದೆ ಕೊಟ್ಟರೆ ಮಗು ಒಣಗಿ ರಕ್ತದೊತ್ತಡ ಕುಸಿಯುತ್ತದೆ, ಒತ್ತಡ ಜಾಸ್ತಿಯಾದರೆ ಕರುಳು ತೂತಾಗುತ್ತದೆ. ಒಮ್ಮೆಗೆ ಪೂರ್ತಿ ಬಿಡದಿದ್ದರೂ ಮಗು ಸ್ಥಿರವಾಗಿದ್ದರೆ ಮತ್ತೆ ಪ್ರಯತ್ನಿಸಬಹುದು. ಆಗಲೂ ಬಿಡದಿದ್ದರೆ ಶಸ್ತ್ರಚಿಕಿತ್ಸೆ: ಕರುಳು ತೆರೆದು ತೊಳೆಯುತ್ತಾರೆ, ಕೆಲವೊಮ್ಮೆ ತಾತ್ಕಾಲಿಕವಾಗಿ ಸ್ಟೋಮಾ, ಅಂದರೆ ಮಲ ಹೊರಬರಲು ಹೊಟ್ಟೆಯ ಮೇಲೆ ಕರುಳಿನ ಬಾಯಿ, ಇಡುತ್ತಾರೆ.

ಕಟ್ಟು ಬಿಟ್ಟಿತೆಂದು ತನಿಖೆ ನಿಲ್ಲಿಸಬಾರದು. ಸಿಸ್ಟಿಕ್ ಫೈಬ್ರೋಸಿಸ್ ಸುಳಿವಿಗಾಗಿ ಹಿಮ್ಮಡಿಯ ರಕ್ತದಲ್ಲಿ ನೋಡುವ ಐಆರ್‌ಟಿ ಈ ಮಕ್ಕಳಲ್ಲಿ ಸುಳ್ಳೇ ನಾರ್ಮಲ್ ಬರಬಹುದು, ಅದನ್ನು ನಂಬಿ ಮನೆಗೆ ಕಳಿಸುವುದು ದೊಡ್ಡ ತಪ್ಪು. ಜೀನ್ ಪರೀಕ್ಷೆ ತಕ್ಷಣ ಕಳಿಸಬೇಕು. ಮಗುವಿನ ತೂಕ 2 ಕಿಲೋ ದಾಟಿ ಸಾಕಷ್ಟು ಬೆವರು ಸಿಕ್ಕಾಗ ಬೆವರು ಪರೀಕ್ಷೆ ಮಾಡಬೇಕು. ಬೆವರಿನಲ್ಲಿ ಕ್ಲೋರೈಡ್ ಲೀಟರಿಗೆ 60 ಮಿಲಿಮೋಲ್ ಅಥವಾ ಹೆಚ್ಚಿದ್ದರೆ ರೋಗ ಬಹುತೇಕ ಖಚಿತ. 30ರಿಂದ 59 ಬಂದರೆ ಅನುಮಾನ ಉಳಿಯುತ್ತದೆ, ಮತ್ತೆ ಮಾಡಿಸಿ.

ರೋಗ ಖಚಿತವಾಗಿ ಹಾಲು ಶುರುವಾದ ಮೇಲೆ ಆಹಾರ ಜೀರ್ಣಿಸುವ ಮೇದೋಜೀರಕ ಕಿಣ್ವವನ್ನು ಸಣ್ಣ ಕಾಳುಗಳ ರೂಪದಲ್ಲಿ ಕೊಡಬೇಕಾಗುತ್ತದೆ. ಸಾಮಾನ್ಯವಾಗಿ 120 ಮಿಲಿಲೀಟರ್ ಹಾಲಿಗೆ 2000ರಿಂದ 4000 ಲೈಪೇಸ್ (ಕೊಬ್ಬು ಜೀರ್ಣಿಸುವ ಕಿಣ್ವ) ಯೂನಿಟ್, ಡೋಸ್ ವೈದ್ಯರೇ ನಿಗದಿ ಮಾಡಬೇಕು. ಕಾಳುಗಳನ್ನು ಪುಡಿ ಮಾಡಬೇಡಿ, ಬಾಟಲಿಗೂ ಹಾಕಬೇಡಿ. ಹುಳಿ ರುಚಿಯ ನುಣ್ಣನೆಯ ಹಣ್ಣಿನ ತಿರುಳನ್ನು ಚಮಚದ ತುದಿಯಷ್ಟು ತೆಗೆದು, ಅದರಲ್ಲಿ ಕಾಳು ಬೆರೆಸಿ ಹಾಲಿಗೆ ಮುಂಚೆ ಕೊಟ್ಟು, ಆಮೇಲೆ ಬಾಯೊಳಗೆ ಬೆರಳಾಡಿಸಿ ನೋಡಿ. ಉಳಿದ ಒಂದು ಕಾಳು ಸಾಕು, ಒಸಡು ಹುಣ್ಣಾಗುತ್ತದೆ. ಸ್ಟೋಮಾ ಇರುವ ಮಗುವಿಗೆ ಉಪ್ಪು ಬಹಳ ಸೋರುತ್ತದೆ. ಹಾಲು ಸಾಕಷ್ಟು ಕುಡಿದೂ ತೂಕ ಏರದಿದ್ದರೆ ಹಾಲು ಹೆಚ್ಚಿಸುವ ಮೊದಲು ಮೂತ್ರದ ಸೋಡಿಯಂ ನೋಡಲು ವೈದ್ಯರನ್ನು ಕೇಳಿ.